ಹೊಸ ಮತ, ಹೊಸ ಊರು, ಒಂದೇ ಸೂರು

ಭದ್ರಾವತಿಯ ನ್ಯೂ ಟೌನಿನಲ್ಲಿ ಬಹುಕಾಲ ಬಾಳಿದವರಿಗೆ ಒಂದು ಸಂಗತಿ ಯಾರೂ ಹೇಳಿಕೊಡದೆ ತಿಳಿದಿರುತ್ತದೆ. ಅಲ್ಲಿ ಮನೆ ಮತ್ತು ಕೆಲಸ ಒಂದೇ ಗೂಟಕ್ಕೆ ಕಟ್ಟಿದ ಎರಡು ಹಗ್ಗಗಳು. 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಉತ್ಪಾದನೆಯನ್ನಾರಂಭಿಸಿದ ಮೇಲೆ ನಾಲ್ಕು ದಿಕ್ಕಿನಿಂದ ಬಂದ ಜನಕ್ಕೆ ಸಂಬಳ ಕೊಟ್ಟದ್ದೂ ಕಾರ್ಖಾನೆಯೇ, ಸೂರು ಕೊಟ್ಟದ್ದೂ ಕಾರ್ಖಾನೆಯೇ. ನಿವೃತ್ತಿಯ ದಿನ ಹೂವಿನ ಹಾರದೊಡನೆ ಮನೆ ಖಾಲಿಮಾಡುವ ಚಿಂತೆಯೂ ಕೊರಳಿಗೆ ಬೀಳುತ್ತಿತ್ತು. ಸಂಬಳ, ಸೂರು ಇವೆರಡರ ಜೊತೆಗೆ ದೇವರನ್ನೂ ಅದೇ ಯಜಮಾನನೇ ಕೊಡುವಂತಾದರೆ ಬದುಕು ಹೇಗಿರುತ್ತದೆ? ನಂಬಿಕೆ ಎಂಬುದು ಅಂತರಂಗದ ಮಾತು ಎನ್ನುವವರು ಊರು ಕಟ್ಟಲು ಹೊರಟಾಗ ಆ ಅಂತರಂಗ ಏನಾಗುತ್ತದೆ? ಇದು ಕೇವಲ ಊಹೆಯ ಪ್ರಶ್ನೆಯಲ್ಲ. ನಮ್ಮ ಕನ್ನಡನಾಡಿನಲ್ಲಿಯೇ ಇದಕ್ಕೆ ಒಂದು ಉತ್ತರ ದೊರೆತಿದೆ. ಅದನ್ನು ನೋಡುವ ಮೊದಲು ಸ್ವಲ್ಪ ದೂರ ಹೋಗಿ ಬರಬೇಕು.

ನ್ಯೂಟೌನ್ ಎಂಬ ಹೆಸರಿನ ಊರೊಂದು ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ ಬಕ್ಸ್ ಕೌಂಟಿಯಲ್ಲಿದೆ. 1684ರಲ್ಲಿ ಅದನ್ನು ನೆಲೆಗೊಳಿಸಿದವನು ವಿಲಿಯಂ ಪೆನ್. ಆತ ಕ್ವೇಕರ್ ಪಂಥದವನು. ಜಾರ್ಜ್ ಫಾಕ್ಸ್ ಎಂಬ, ಪಾಂಡಿತ್ಯದ ಸೋಂಕಿಲ್ಲದ ಸಾಧಕನಿಂದ ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಪಂಥ ಇದು. ಪ್ರತಿಯೊಬ್ಬ ಮನುಷ್ಯನ ಒಳಗೂ ದೇವರ ಬೆಳಕಿದೆ, ಆದುದರಿಂದ ನಡುವೆ ಪುರೋಹಿತ ಬೇಕಿಲ್ಲ, ದೇವಾಲಯದ ಆಡಂಬರ ಬೇಕಿಲ್ಲ. ಎಲ್ಲರೂ ಸೇರಿ ಮೌನವಾಗಿ ಕುಳಿತರೆ, ಯಾರಿಗೆ ಪ್ರೇರಣೆಯಾಗುತ್ತದೆಯೋ ಅವರು, ಹೆಂಗಸಾದರೂ ಸರಿಯೆ, ಎದ್ದು ಮಾತನಾಡಬಹುದು ಎಂಬುದು ಅವರ ನಿಲುವು. ಅವರು ಆಣೆ ಇಡರು, ಆಯುಧ ಹಿಡಿಯರು, ದೊರೆಯ ಮುಂದೆಯೂ ಟೋಪಿ ತೆಗೆಯರು. ದೊಡ್ಡವರನ್ನೂ ಚಿಕ್ಕವರನ್ನೂ ಏಕವಚನದಲ್ಲಿಯೇ ಕರೆಯುವರು. ನಾನು ಪೆನ್ನನನ್ನು ‘ಆತ’ ಎಂದರೆ ಅವನ ಆತ್ಮ ಮುನಿಯಲಾರದು. ಅದು ಅವನ ಮತಕ್ಕೆ ಒಪ್ಪಿದ ಮರ್ಯಾದೆ. ಈ ಏಕವಚನಕ್ಕಾಗಿ ಸೆರೆಮನೆ ಕಂಡವರುಂಟು. ಸಾಗರದಾಚೆಯ ಬಾಸ್ಟನ್ನಿನಲ್ಲಿ 1660ರಲ್ಲಿ ಮೇರಿ ಡೈಯರ್ ಎಂಬ ಕ್ವೇಕರ್ ಮಹಿಳೆಯನ್ನು ಗಲ್ಲಿಗೇರಿಸಿದವರೂ ಮತಸ್ವಾತಂತ್ರ್ಯವನ್ನು ಹುಡುಕಿಕೊಂಡು ಅಲ್ಲಿಗೆ ಹೋಗಿದ್ದ ಕ್ರೈಸ್ತರೇ.

ಕನ್ನಡ ಓದುಗನಿಗೆ ಇಲ್ಲಿ ಕಲ್ಯಾಣದ ಶರಣರು ನೆನಪಾಗದಿರುವುದು ಸಾಧ್ಯವಿಲ್ಲ. ಆದರೆ ಶರಣರು ಕಲ್ಯಾಣವನ್ನು ಬಿಟ್ಟು ಚದುರಬೇಕಾಯಿತು. ಪೆನ್ನನ ಅದೃಷ್ಟ ಬೇರೆ. ಅವನ ತಂದೆಗೆ ಅರಮನೆಯಿಂದ ಬರಬೇಕಾಗಿದ್ದ 16,000 ಪೌಂಡ್ ಸಾಲದ ಬದಲಿಗೆ ಎರಡನೆಯ ಚಾರ್ಲ್ಸ್ ದೊರೆ 1681ರಲ್ಲಿ ಒಂದು ಪ್ರಾಂತವನ್ನೇ ಬರೆದುಕೊಟ್ಟ. ಪೆನ್ ಅಲ್ಲಿ ಎಲ್ಲ ಆಸ್ತಿಕರಿಗೂ ಅವರವರ ಆರಾಧನೆಯ ಸ್ವಾತಂತ್ರ್ಯ ಕೊಟ್ಟ. ನೆಲದ ಮೂಲನಿವಾಸಿಗಳಾದ ಲೆನಾಪೆ ಜನರೊಡನೆ ಮೈತ್ರಿಯಿಂದ ನಡೆದುಕೊಂಡ. ಅವನ ಮಕ್ಕಳ ಕಾಲಕ್ಕೆ, 1737ರಲ್ಲಿ, ಅದೇ ಜನರ ವಿಸ್ತಾರವಾದ ಭೂಮಿ ಒಂದು ಕಪಟದ ಅಳತೆಯಿಂದ ಕೈಬಿಟ್ಟುಹೋಯಿತು. ಒಳಗಿನ ಬೆಳಕನ್ನು ನಂಬಿದವರ ಹೊಲಗಳಲ್ಲಿ ಕರಿಯ ಗುಲಾಮರೂ ದುಡಿಯುತ್ತಿದ್ದರು. ಇದು ಅಧರ್ಮವೆಂದು ಜರ್ಮನ್‌ಟೌನಿನ ನಾಲ್ವರು 1688ರಲ್ಲಿಯೇ ಬರೆದುಕೊಟ್ಟರು. ಗುಲಾಮರನ್ನಿಟ್ಟುಕೊಂಡವರು ನಮ್ಮವರಲ್ಲವೆಂದು ಫಿಲಡೆಲ್ಫಿಯದ ಸಭೆ ಹೇಳುವ ಹೊತ್ತಿಗೆ 1776 ಬಂದಿತ್ತು. ಎಂಬತ್ತೆಂಟು ವರ್ಷ! ಬೆಳಕು ಒಳಗಿನಿಂದ ಅಂಗಳಕ್ಕೆ ಬರಲು ಇಷ್ಟು ಕಾಲ ಬೇಕಾಯಿತು.

ಈಗ ನಮ್ಮ ಕರಾವಳಿಗೆ ಬರೋಣ. 1834ರ ಅಕ್ಟೋಬರ್ 30ರಂದು ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಮಿಷನ್ ಸಂಘ ಅವರನ್ನು ಕಳುಹಿಸಿತ್ತು. ಬ್ರಿಟಿಷರಲ್ಲದ ಪಾದ್ರಿಗಳು ಕಂಪನಿಯ ಸೀಮೆಯಲ್ಲಿ ನೆಲೆಸಲು ಅವಕಾಶ ದೊರೆತದ್ದು 1833ರ ಸನ್ನದಿನಿಂದ. ಇವರು ಕ್ವೇಕರರಲ್ಲ. ಆದರೆ ಇವರ ಹಿಂದೆ ಇದ್ದ ಪಯಟಿಸ್ಟ್ ಎಂಬ ಭಕ್ತಿಪಂಥ ಕ್ವೇಕರರ ಓರಗೆಯದು. ಫಾಕ್ಸ್ ಬದುಕಿದ್ದ ಕಾಲದಲ್ಲಿಯೇ ಜರ್ಮನಿಯಲ್ಲಿ ಹುಟ್ಟಿದ್ದು. ಚರ್ಚಿನ ವಿಧಿಗಿಂತ ಹೃದಯದ ಪರಿವರ್ತನೆ ದೊಡ್ಡದು, ಬೈಬಲನ್ನು ಮನೆಯಲ್ಲಿ ಕೂಡಿ ಓದುವುದು ದೊಡ್ಡದು, ದುಡಿಮೆ ದೇವರ ಸೇವೆ ಎಂದು ನಂಬಿದವರು. ಬಾಸೆಲಿನ ವಿದ್ಯಾರ್ಥಿಗಳಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ರೈತರ, ಕಸಬುದಾರರ ಮಕ್ಕಳು. ಹೆಬಿಕ್ ಪೂರ್ವಾಶ್ರಮದಲ್ಲಿ ವ್ಯಾಪಾರಿ. ಉಳಿ, ಸುತ್ತಿಗೆ, ಮಗ್ಗ ಇವರಿಗೆ ಅಪರಿಚಿತವಲ್ಲ. ಮುಂದಿನ ಕಥೆಗೆ ಈ ಅಂಶ ಮುಖ್ಯ.

ಕ್ವೇಕರರಿಗೂ ಇವರಿಗೂ ಒಂದು ದೊಡ್ಡ ಭೇದವಿದೆ. ಅಲ್ಲಿ ನಂಬಿದವರೇ ಹಡಗು ಹತ್ತಿ ಬಂದು ಊರು ಕಟ್ಟಿದರು. ಇಲ್ಲಿ ಬಂದವರು ಬೆರಳೆಣಿಕೆಯ ಜನ, ಊರಾಗಬೇಕಾದವರು ಇಲ್ಲಿಯವರೇ. ತುಳುನಾಡಿನಲ್ಲಿ ಇವರ ಮಾತಿಗೆ ಮೊದಲು ಕಿವಿಗೊಟ್ಟವರಲ್ಲಿ ಹೆಚ್ಚಿನವರು ಬಿಲ್ಲವರು. ಹೊಸ ಮತಕ್ಕೆ ಸೇರಿದ ಬಿಲ್ಲವನು ಏನನ್ನು ಕಳೆದುಕೊಳ್ಳುತ್ತಿದ್ದ ಎಂಬುದನ್ನು ಒಂದೊಂದಾಗಿ ಎಣಿಸಬೇಕು. ಮೊದಲನೆಯದು ಮೂರ್ತೆಯ ಕಸಬು. ಕಳ್ಳು ಪಾಪವೆಂದು ಮಿಷನ್ ಸಾರಿತು. ತಾಳೆ, ತೆಂಗು ಹತ್ತಿ ಕಳ್ಳಿಳಿಸಿ ಬದುಕುತ್ತಿದ್ದವನಿಗೆ ಧರ್ಮದ ಮೊದಲ ಫಲವೇ ನಿರುದ್ಯೋಗ. ಎರಡನೆಯದು ಮನೆ. ಅವನು ಬೇರೊಬ್ಬರ ನೆಲದ ಒಕ್ಕಲು. ಧಣಿ ಒಪ್ಪದಿದ್ದರೆ ಗುಡಿಸಲೂ ಹೋಯಿತು. ಮೂರನೆಯದು ಮನೆತನದ ಪಾಲು. ಅಳಿಯಸಂತಾನದ ಕಟ್ಟಿನಲ್ಲಿ ಆಸ್ತಿ ತಾಯಿಯ ಬಳಿಯದು. ಕುಲದಿಂದ ಹೊರಬಿದ್ದವನಿಗೆ ಅಲ್ಲಿ ಸ್ಥಾನವಿಲ್ಲ. ಮತ ಬಿಟ್ಟ ಕಾರಣಕ್ಕೆ ಹಕ್ಕು ಹೋಗಬಾರದೆಂದು 1850ರಲ್ಲಿ ಒಂದು ಕಾಯಿದೆ ಬಂದಿತಾದರೂ, ಕಾಯಿದೆ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತುವ ಶಕ್ತಿ ಎಷ್ಟು ಬಡವರಿಗಿದ್ದೀತು? ನಾಲ್ಕನೆಯದನ್ನು ತೂಕ ಮಾಡುವುದು ಕಷ್ಟ. ಕೋಟಿ ಚೆನ್ನಯರ ಗರಡಿ, ಭೂತದ ಕೋಲ, ಪಾಡ್ದನ ಇವೆಲ್ಲ ಬಿಲ್ಲವರ ಬದುಕಿನ ನಡುಮನೆ. ಹೊಸ ಮತ ಆ ಬಾಗಿಲನ್ನೂ ಮುಚ್ಚಿತು.

ಹೀಗೆ ಕೈ ಬರಿದಾದವರು ಪಾದ್ರಿಯ ಬಾಗಿಲಿಗೆ ಬರದೆ ಎಲ್ಲಿಗೆ ಹೋದಾರು? ‘ಅನ್ನದ ಆಸೆಗೆ ಮತ ಬಿಟ್ಟವರು’ ಎಂದು ಊರು ಹಳಿಯಿತು. ಕಾಲದ ಅನುಕ್ರಮವನ್ನು ಗಮನಿಸಿದರೆ ಈ ಮಾತು ಅಷ್ಟಾಗಿ ನಿಲ್ಲುವುದಿಲ್ಲ. ಎಷ್ಟೋ ಮಂದಿಯ ವಿಷಯದಲ್ಲಿ ಮತ ಹಿಡಿದ ಮೇಲೆ ಅನ್ನ ಹೋಯಿತು, ಅನ್ನ ಹೋದುದರಿಂದ ಕಾರ್ಖಾನೆ ಬಂದಿತು. ಮಿಷನ್ನಿನ ಮೊದಲ ಪ್ರಯತ್ನಗಳು ತಡವರಿಸಿದವು. ಗಡಿಯಾರದ ಕೆಲಸ ಕಲಿಸಿ ನೋಡಿದರು. ಮಂಗಳೂರಿನಲ್ಲಿ ಗಡಿಯಾರ ಇದ್ದವರಾದರೂ ಎಷ್ಟು ಮಂದಿ? ನೇಯ್ಗೆ ಕೈಹಿಡಿಯಿತು. 1851ರಲ್ಲಿ ಹಾಲರ್ ಎಂಬ ನೇಕಾರ ಬಂದ ಮೇಲೆ ಯುರೋಪಿನ ಮಾದರಿಯ ಮಗ್ಗಗಳು ನಡೆದವು. ಖಾಕಿ ಬಣ್ಣವನ್ನು ಕಂಡುಹಿಡಿದವರು ಈ ಹಾಲರ್ ಎಂಬುದು ಮಂಗಳೂರಿಗರು ಹೆಮ್ಮೆಯಿಂದ ಹೇಳುವ ಮಾತು. ಆ ಹೆಸರಿನ ಬಟ್ಟೆ ವಾಯವ್ಯ ಗಡಿಯ ಸೈನ್ಯದಲ್ಲಿ ಅದಕ್ಕೂ ಮೊದಲೇ ಇತ್ತೆಂಬುದನ್ನು ಅವರ ಮುಂದೆ ಹೇಳುವಾಗ ಸ್ವಲ್ಪ ಎಚ್ಚರ ಬೇಕು.

1865ರಲ್ಲಿ ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆ ಆರಂಭವಾಯಿತು. ಅದನ್ನು ಕಟ್ಟಿದ ಪ್ಲೆಬ್ಸ್ಟ್ ಮುದ್ರಣಾಲಯ ನೋಡಿಕೊಳ್ಳಲು ಬಂದಿದ್ದವರು. ನದಿಯ ಬದಿಯ ಜೇಡಿಮಣ್ಣನ್ನು ಕಂಡು ಅದು ಹೆಂಚಿಗೆ ಒದಗುತ್ತದೆಂದು ಪರೀಕ್ಷಿಸಿ ನೋಡಿದರು. ಹುಲ್ಲಿನ ಮಾಡು, ನಾಡಹೆಂಚಿನ ಮಾಡು ಇದ್ದ ನಾಡಿನಲ್ಲಿ, ಒಂದರ ಅಂಚು ಇನ್ನೊಂದಕ್ಕೆ ಕಚ್ಚಿಕೊಂಡು ಕೂರುವ ಚಪ್ಪಟೆ ಹೆಂಚು ಮಳೆಗಾಲದ ಅರ್ಥವನ್ನೇ ಬದಲಿಸಿತು. ನಮ್ಮ ಮಲೆನಾಡಿನ ಎಷ್ಟೋ ಹಳೆಯ ಮನೆಗಳ ಅಟ್ಟದಿಂದ ತಲೆಯೆತ್ತಿ ನೋಡಿದರೆ ಹೆಂಚಿನ ಅಡಿಯಲ್ಲಿ ಬಾಸೆಲ್ ಮಿಷನ್ ಎಂಬ ಅಚ್ಚು ಕಾಣುತ್ತದೆ. ಅದರಡಿಯಲ್ಲಿ ಸತ್ಯನಾರಾಯಣ ಪೂಜೆ ಮಾಡಿದವರಾರೂ ಅದನ್ನು ಮತಪ್ರಚಾರವೆಂದು ಭಾವಿಸಲಿಲ್ಲ.

ಆ ಕಾರ್ಖಾನೆಗಳಲ್ಲಿ ದಿನದ ಕೆಲಸ ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು. ಭಾನುವಾರ ರಜೆ. ಮತಕ್ಕೆ ಸೇರದವರಿಗೂ ಅಲ್ಲಿ ಕೂಲಿಯಿತ್ತು. ಬೇರೆ ಬೇರೆ ಜಾತಿಯ ಕೈಗಳು ಒಂದೇ ಮಣ್ಣನ್ನು ಮೆಟ್ಟಿ ಹದಮಾಡಿದವು. ಇದನ್ನು ಸಣ್ಣ ಸಂಗತಿಯೆಂದು ನಾನು ಎಣಿಸುವುದಿಲ್ಲ. ಆದರೆ ಸಭೆಗೆ ಸೇರಿದವನ ಪಾಲಿಗೆ ಬೋಧಕ, ಧಣಿ, ಮೇಸ್ತ್ರಿ, ನ್ಯಾಯಾಧೀಶ ಎಲ್ಲವೂ ಒಂದೇ ಮಿಷನ್ ಆಯಿತು. ಕಳ್ಳು ಕುಡಿದು ಸಿಕ್ಕಿಬಿದ್ದರೆ, ಕೋಲ ನೋಡಲು ಹೋದರೆ, ಸಭೆಯ ಶಿಸ್ತಿಗೆ ಗುರಿಯಾಗಿ ಪ್ರಭುಭೋಜನದಿಂದ ಹೊರಗಿರಬೇಕು. ಕ್ವೇಕರರಲ್ಲಿಯೂ ಬಹಿಷ್ಕಾರವಿತ್ತು, ಪಂಥದ ಹೊರಗೆ ಮದುವೆಯಾದವರನ್ನು ಸಭೆ ಕೈಬಿಡುತ್ತಿತ್ತು. ಆದರೆ ಬಹಿಷ್ಕೃತ ಕ್ವೇಕರನ ಹೊಲ ಅವನದೇ. ಮಿಷನ್ನಿನ ನೆಲದಲ್ಲಿ ಮನೆ ಕಟ್ಟಿಕೊಂಡು ಮಿಷನ್ನಿನ ಮಗ್ಗದಲ್ಲಿ ನೇಯುವವನಿಗೆ ಸಭೆಯ ಮುನಿಸು ಹೊಟ್ಟೆಯವರೆಗೂ ಇಳಿಯಬಹುದಾಗಿತ್ತು. ಕೆಡುಕಿನ ಮನಸ್ಸಿನಿಂದ ಯಾರೂ ಹೀಗೆ ಕಟ್ಟಲಿಲ್ಲ. ಕರುಣೆಯಿಂದಲೇ ಕಟ್ಟಿದರು, ಕರುಣೆ ಕಟ್ಟಿದ ಊರಿನಲ್ಲಿಯೂ ಕೀಲಿಕೈ ಒಬ್ಬರ ಬಳಿಯೇ ಉಳಿಯಿತು.

ಪಾದ್ರಿಗಳೂ ಈ ಕಟ್ಟಿನಿಂದ ಹೊರತಲ್ಲ. ಮದುವೆಯಾಗಬೇಕಾದರೆ ಬಾಸೆಲಿನ ಸಮಿತಿಯ ಅಪ್ಪಣೆ ಬೇಕು. ಹುಟ್ಟಿದ ಮಕ್ಕಳನ್ನು ಎಳೆಯ ವಯಸ್ಸಿನಲ್ಲಿಯೇ ಹಡಗು ಹತ್ತಿಸಿ ಬಾಸೆಲಿಗೆ ಕಳುಹಿಸಬೇಕು. 1853ರಿಂದ ಅವರಿಗಾಗಿ ಅಲ್ಲೊಂದು ನಿಲಯವೇ ಇತ್ತು. ಅನೇಕ ತಾಯಂದಿರು ಆ ಮಕ್ಕಳನ್ನು ಮತ್ತೆ ನೋಡುವ ಹೊತ್ತಿಗೆ ಗುರುತು ಹಿಡಿಯುವುದೇ ಕಷ್ಟವಾಗಿದ್ದಿರಬೇಕು.

ಮಂಗಳೂರಿನಲ್ಲಿ ಜನ ಮೊದಲು, ಊರು ಆಮೇಲೆ. ಘಟ್ಟದ ಮೇಲೆ ಇದು ತಲೆಕೆಳಗಾಯಿತು. ಧಾರವಾಡ, ಹುಬ್ಬಳ್ಳಿಗಳಿಗೆ ಮಿಷನ್ ಬಂದದ್ದು 1837, 1839ರಲ್ಲಿ. ಆ ಸೀಮೆಯಲ್ಲಿ ಕಾಲಜ್ಞಾನದ ವಚನಗಳನ್ನು ನಂಬಿಕೊಂಡಿದ್ದ ಕೆಲವು ಗುಂಪುಗಳಿದ್ದವು. ಪಶ್ಚಿಮದಿಂದ ಸತ್ಯವನ್ನು ತರುವವರು ಬರುತ್ತಾರೆಂದು ಅವರ ನಿರೀಕ್ಷೆ. ಕೆಂಪು ಮುಖದ, ದೇವರ ಮಾತನಾಡುವ ಈ ಪರದೇಶಿಗಳನ್ನು ಕಂಡು ‘ಇವರೇ ಅವರಿರಬೇಕು’ ಎಂದು ಅವರು ಬಳಿಗೆ ಬಂದರು. ಪಾದ್ರಿಗಳಿಗೆ ಹಿಡಿಸಲಾಗದ ಸಂತೋಷ. ಸಾವಿರಾರು ಮಂದಿ ಒಟ್ಟಿಗೆ ಬರುತ್ತಾರೆ, ಬಂದವರಿಗೆ ಹೊಲ ಮನೆ ಬೇಕು ಎಂದುಕೊಂಡು 1841ರಲ್ಲಿ ಗದಗ ಬೆಟಗೇರಿಯ ಬಳಿಯ ಮಲಸಮುದ್ರದಲ್ಲಿ ನೆಲ ಪಡೆದು ಬೇಸಾಯದ ವಸಾಹತನ್ನೇ ಹೂಡಿದರು. ಊರು ಸಿದ್ಧವಾಯಿತು, ಜನ ಬರಲಿಲ್ಲ. ಕಾಲಜ್ಞಾನಿಗಳು ಕಾಯುತ್ತಿದ್ದುದು ತಮ್ಮ ಪುರಾಣದ ಪೂರ್ಣಾಹುತಿಗೆ. ಪಾದ್ರಿಗಳು ಕೇಳುತ್ತಿದ್ದುದು ಆ ಪುರಾಣವನ್ನು ಬಿಟ್ಟುಬರುವಂತೆ. ಇಬ್ಬರೂ ಕನ್ನಡವನ್ನೇ ಆಡುತ್ತಿದ್ದರು, ಒಂದೇ ಪದಗಳನ್ನು ಬಳಸುತ್ತಿದ್ದರು. ಕನ್ನಡದ ಚರಿತ್ರೆಯಲ್ಲಿ ಇಷ್ಟು ದೊಡ್ಡ ಭಾಷಾಂತರದೋಷ ಇನ್ನೊಂದು ಇದೆಯೇ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಮೂರನೆಯ ಊರು ಕೊಡಗಿನದು. ಅದರ ಕರ್ತೃ ಹೆರ್ಮನ್ ಮೋಗ್ಲಿಂಗ್. ಕನ್ನಡಿಗರಿಗೆ ಅವರ ಪರಿಚಯ ಬೇಡ. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದು ಕನ್ನಡ ಪತ್ರಿಕೋದ್ಯಮಕ್ಕೆ ಮೊದಲಿಟ್ಟವರು, 1848ರಿಂದ ಐದು ವರ್ಷ, ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಹಣದ ನೆರವಿನಿಂದ, ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿದವರು. ವಿಗ್ರಹಾರಾಧನೆಯನ್ನು ಖಂಡಿಸಲು ಬಂದವರು ವಿಠಲನ ಪದಗಳನ್ನು ಅಚ್ಚಿಗೆ ಇಳಿಸಿದ ಈ ಸೋಜಿಗವನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಬಹಳ ಹೇಳಿವೆ. ಹೇಳದೆ ಬಿಟ್ಟದ್ದು ಆನಂದಪುರದ ಕಥೆ.

1850ರ ದಶಕದಲ್ಲಿ ಮೋಗ್ಲಿಂಗರು ಕೊಡಗಿಗೆ ಹೋದರು. ಆಲ್ಮಂಡದ ಸೋಮಯ್ಯ ಎಂಬ ಕೊಡವರು ದೀಕ್ಷಾಸ್ನಾನ ಪಡೆದುದು ಅದಕ್ಕೆ ನಿಮಿತ್ತ. ಕೊಡವ ಮನೆತನಗಳಿಂದ ಸಾಲುಸಾಲಾಗಿ ಜನ ಬರಬಹುದೆಂಬ ಆಸೆ ಇದ್ದೀತು. ಬಂದವರು ಹೊಲೆಯರು, ತಲೆಮಾರುಗಳಿಂದ ಗದ್ದೆಗಳಿಗೆ ಅಂಟಿದ ಜೀತದಾಳುಗಳು. ದಾಸ್ಯಕ್ಕೆ ಕೋರ್ಟು ಮಾನ್ಯತೆ ಕೊಡಬಾರದೆಂದು 1843ರಲ್ಲಿಯೇ ಕಾಯಿದೆಯಾಗಿತ್ತು. ಆದರೆ ಕಾಯಿದೆ ಮನುಷ್ಯನನ್ನು ಗದ್ದೆಯಿಂದ ಬಿಡಿಸಬಲ್ಲದೇ ಹೊರತು ನಿಲ್ಲಲು ಬೇರೆ ನೆಲ ಕೊಡಲಾರದು. ಆ ನೆಲವನ್ನು ಹುಡುಕಿ, ಕಾಡು ಕಡಿಸಿ, ಒಂದು ಹಳ್ಳಿಯನ್ನು ಮಾಡಿ ಮೋಗ್ಲಿಂಗರು ಅದಕ್ಕೆ ಆನಂದಪುರವೆಂದು ಹೆಸರಿಟ್ಟರು. ಜರ್ಮನ್‌ಟೌನಿನ ಆ ನಾಲ್ವರು ಕಾಗದದ ಮೇಲೆ ಕೇಳಿದ್ದನ್ನು ಈ ಮನುಷ್ಯ ಕೊಡಗಿನ ಮಳೆಯಲ್ಲಿ ನಿಂತು ಮಾಡಲು ಹೊರಟರು ಎನ್ನಬಹುದು.

ಹೆಸರಿನಷ್ಟು ಆನಂದ ಅಲ್ಲಿ ಬೇಗ ಬರಲಿಲ್ಲ. ಒಡೆಯನ ಗದ್ದೆಯಲ್ಲಿ ದುಡಿದವನಿಗೆ ತನ್ನ ಗದ್ದೆಯ ಲೆಕ್ಕ ಹೊಸದು. ಹೆಂಡವಿಲ್ಲದ ಹಬ್ಬ ಹೊಸದು. ಏಳು ದಿನಕ್ಕೊಮ್ಮೆ ಕೈಕಟ್ಟಿ ಕೂರುವುದೂ ಹೊಸದು. ಇತ್ತ ಕಾಫಿ ತೋಟಗಳು ಕೊಡಗಿನಲ್ಲಿ ಹಬ್ಬುತ್ತಿದ್ದ ಕಾಲ. ಕೂಲಿಗೆ ಕರೆಯುವವರು ಬೇರೆಯೂ ಇದ್ದರು. ಪತ್ನಿಯ ಕಾಯಿಲೆಯ ಕಾರಣ ಮೋಗ್ಲಿಂಗರು 1860ರಲ್ಲಿ ಜರ್ಮನಿಗೆ ಹಿಂತಿರುಗಿದರು. ಮತ್ತೆ ಬರಲಿಲ್ಲ, 1881ರಲ್ಲಿ ಅಲ್ಲಿಯೇ ತೀರಿಕೊಂಡರು. ಆನಂದಪುರದಲ್ಲಿ ಮುಂದೆ ಕೆಲಸ ಮಾಡಿದವರಲ್ಲಿ ಹೆರ್ಮನ್ ಆನಂದರಾವ್ ಕೌಂಡಿನ್ಯರೂ ಒಬ್ಬರು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಟುಂಬದ ಈ ಯುವಕ 1844ರಲ್ಲಿ ಮತಾಂತರಗೊಂಡಾಗ ಊರೇ ಕೋಲಾಹಲವಾಗಿತ್ತು; ಬಾಸೆಲಿಗೆ ಹೋಗಿ ಓದಿ ಪಾದ್ರಿಯಾಗಿ 1851ರಲ್ಲಿ ಹಿಂತಿರುಗಿದವರು. ಬ್ರಾಹ್ಮಣನಾಗಿ ಹುಟ್ಟಿದವನೊಬ್ಬ ಹತ್ತೊಂಬತ್ತನೆಯ ಶತಮಾನದಲ್ಲಿ ಹೊಲೆಯರ ಹಳ್ಳಿಯಲ್ಲಿ ಬೋಧಕನಾಗಿ ಬಾಳಿದ ಎಂಬ ಒಂದು ಸಂಗತಿಯನ್ನು, ಮತಾಂತರದ ಬಗ್ಗೆ ನಮ್ಮ ಅಭಿಪ್ರಾಯ ಏನೇ ಇರಲಿ, ಸುಮ್ಮನೆ ದಾಟಿ ಹೋಗಲಾಗದು.

ಕ್ವೇಕರರ ಏಕವಚನವನ್ನು ನೆನಪಿಸಿಕೊಂಡರೆ, ಈ ಊರುಗಳಲ್ಲಿ ಅಂಥ ಸಮಾನತೆ ಎಷ್ಟರಮಟ್ಟಿಗೆ ಬಂದಿತು ಎಂದು ಕೇಳಬೇಕಾಗುತ್ತದೆ. ಸಭೆಯಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತರು; ಅಂದಿನ ಕನ್ನಡನಾಡಿನಲ್ಲಿ ಅದು ಕಡಿಮೆಯ ಮಾತಲ್ಲ. ಹೆಣ್ಣುಮಕ್ಕಳು ಓದು ಕಲಿತರು. ಆದರೆ ತೀರ್ಮಾನ ಬಾಸೆಲಿನಲ್ಲಿ ಆಗುತ್ತಿತ್ತು. ಅದನ್ನು ಜಾರಿಗೆ ತರುವವರು ಬಿಳಿಯರು. ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಂದಾಗ ಈ ಅಂತರ ಅವರ ಕಣ್ಣಿಗೆ ಕುಕ್ಕಿತು. ಹಳ್ಳಿಗರೊಡನೆ ಹಳ್ಳಿಗರಂತಿರಬೇಕು, ಕಾಲ್ನಡೆಯಲ್ಲಿ ತಿರುಗಬೇಕು ಎಂದು ಅವರು ಹೊರಟದ್ದು ಮೇಲಿನವರಿಗೆ ರುಚಿಸಲಿಲ್ಲ. ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿಗೆ ಇಳಿಸಿ 1862ರಲ್ಲಿ ‘ಕಥಾಮಾಲೆ’ ಬರೆದರು. ಊರಿನಲ್ಲಿ ಊರಿನವನಾಗಲು ಬಿಡದ ಆ ಹಂಬಲ ಕೊನೆಗೆ ಪದಗಳಲ್ಲಿ ನೆಲೆ ಹುಡುಕಿತೋ ಏನೋ. 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಮಂಗಳೂರಿನ ಮಿಷನ್ ಮುದ್ರಣಾಲಯದಿಂದ ಹೊರಬಂದಿತು. ಅದೇ ಮುದ್ರಣಾಲಯ 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟನ್ನೂ, ಅವರು ಸಂಗ್ರಹಿಸಿದ ಭೂತಗಳ ಪಾಡ್ದನಗಳನ್ನೂ ಅಚ್ಚು ಮಾಡಿತ್ತು. ಜೆಪ್ಪಿನ ಕೆಲಸಗಾರನು ಕೋಲಕ್ಕೆ ಹೋಗಿ ಕೇಳಬಾರದಾಗಿದ್ದ ಹಾಡನ್ನು ಅವನ ಸಭೆಯ ಮುದ್ರಣಾಲಯವೇ ಪುಸ್ತಕವಾಗಿ ಮಾರುತ್ತಿತ್ತು.

ಈ ಕಟ್ಟು ಸಡಿಲವಾದದ್ದು ಇಲ್ಲಿಯ ಯಾರ ಪ್ರಯತ್ನದಿಂದಲೂ ಅಲ್ಲ. 1914ರಲ್ಲಿ ಯುರೋಪಿನಲ್ಲಿ ಯುದ್ಧ ಹೊತ್ತಿತು. ಮಿಷನ್ನಿನ ಪಾದ್ರಿಗಳಲ್ಲಿ ಬಹುಮಂದಿ ಜರ್ಮನರು. ಬ್ರಿಟಿಷ್ ಸರಕಾರದ ಕಣ್ಣಿಗೆ ಅವರು ಶತ್ರುಪ್ರಜೆಗಳು. ಅವರಲ್ಲಿ ಅನೇಕರನ್ನು ಅಹಮದ್‌ನಗರದ ಶಿಬಿರದಲ್ಲಿಟ್ಟು ಆಮೇಲೆ ದೇಶಕ್ಕೆ ಕಳುಹಿಸಿದರು. ಮಗ್ಗಗಳು, ಹೆಂಚಿನ ಕಾರ್ಖಾನೆಗಳು ಸರಕಾರದ ಕೈಸೇರಿ, 1919ರಲ್ಲಿ ಲಂಡನ್ನಿನಲ್ಲಿ ರಚಿತವಾದ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಗೆ ಹೋದವು. ಹೆಂಚಿನ ಮೇಲಿನ ಅಚ್ಚು ಬದಲಾಯಿತು. ಭಟ್ಟಿಯ ಬೆಂಕಿ ಆರಲಿಲ್ಲ; ಭಾನುವಾರ ಸಭೆಯಲ್ಲಿ ಕನ್ನಡದ ಕೀರ್ತನೆಗಳನ್ನು ಜರ್ಮನ್ ರಾಗದಲ್ಲಿ ಹಾಡುವುದೂ ನಿಲ್ಲಲಿಲ್ಲ. ಶನಿವಾರ ಕೂಲಿ ಎಣಿಸಿಕೊಡುವವನು ಬೇರೆ, ಭಾನುವಾರ ಬೋಧಿಸುವವನು ಬೇರೆ ಆದದ್ದು, ಜೆಪ್ಪಿನ ಆ ಕುಟುಂಬಗಳಿಗೆ ಎರಡು ತಲೆಮಾರುಗಳಲ್ಲಿ ಅದೇ ಮೊದಲು.